ಮುಠಾ ದಂಡೆಯ ಹಳೇ ಪೇಠೆಯಲ್ಲಿ ಮನೆ: ನೀರಿನ ಗೆರೆ, ಕಾಗದದ ಗೆರೆ

ಓದುಗರ ಪ್ರಶ್ನೆ: ನಾವು ಗದಗದವರು. ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು, ವಾಕಡದಲ್ಲಿ ಬಾಡಿಗೆಗಿದ್ದೇವೆ. ಹೆಂಡತಿಯ ಕೆಲಸ ಶಿವಾಜಿನಗರದಲ್ಲಿ. ಮಗಳಿಗೆ ಮುಂದಿನ ವರ್ಷದಿಂದ ಡೆಕ್ಕನ್ ಕಡೆ ಕಾಲೇಜು. ಅದಕ್ಕೇ ಊರೊಳಗೆ ಮನೆ ಹುಡುಕುತ್ತಿದ್ದೇವೆ. ಎರಡು ಕಡೆ ಮನಸ್ಸಿಗೆ ಬಂದಿದೆ. ಒಂದು, ನಾರಾಯಣ ಪೇಠೆಯಲ್ಲಿ ಪತ್ರ್ಯಾ ಮಾರುತಿ ಗುಡಿಯಿಂದ ಮುಠಾ ನದಿ ಕಡೆ ಇಳಿಯುವ ಓಣಿಯಲ್ಲಿ 1984ರ ಕಟ್ಟಡ. ಎರಡನೇ ಮಹಡಿ, 2 ಬಿಎಚ್‌ಕೆ, 88 ಲಕ್ಷ. ಲಿಫ್ಟ್ ಇಲ್ಲ. ಇನ್ನೊಂದು, ಕಸಬಾ ಪೇಠೆಯಲ್ಲಿ ಶನಿವಾರವಾಡಾದ ಹಿಂದೆ ಒಂದು ಹಳೇ ವಾಡಾದ (ಅಂಗಳವಿರುವ ಹಳೇ ದೊಡ್ಡ ಮನೆ) ಮೇಲಂತಸ್ತಿನ ಮೂರು ಕೋಣೆ. ಪಗಡಿ ಮೇಲೆ 30 ಲಕ್ಷ. "ನಾಳೆ ವಾಡಾ ಕೆಡವಿ ಬಿಲ್ಡಿಂಗ್ ಆದರೆ ನಿಮಗೆ ಹೊಸ ಫ್ಲ್ಯಾಟ್ ಪುಕ್ಕಟೆ" ಅನ್ನುತ್ತಾರೆ. ಆದರೆ ನಮ್ಮ ಮನೆಯವಳ ಸೋದರಮಾವ 1961ರ ಪಾನ್‌ಶೆತ್ ಪ್ರವಾಹ ಕಣ್ಣಾರೆ ಕಂಡವರು. "ನದಿ ಪಕ್ಕ ಬೇಡವೇ ಬೇಡ, ಅದು ಮತ್ತೆ ಬಂದೇ ಬರುತ್ತೆ" ಎಂದು ಹಟ ಹಿಡಿದಿದ್ದಾರೆ. ಅವರ ಮಾತು ಕೇಳಬೇಕೋ ಬೇಡವೋ? ಜೊತೆಗೆ ನಮ್ಮ ತಾಯಿಗೆ 71 ವರ್ಷ, ಮೊಣಕಾಲು ನೋವಿದೆ.

ಉತ್ತರ: ನಿಮ್ಮ ಪತ್ರ ಇಲ್ಲಿ ಚಿಕ್ಕದು ಮಾಡಿ ಕೊಟ್ಟಿದ್ದೇನೆ. ಮೂಲ ಪತ್ರ ಮೂರು ಪುಟ, ಅದರಲ್ಲಿ ಎರಡೂವರೆ ಪುಟ ನೀರಿನ ಬಗ್ಗೆಯೇ. ಕಾಗದಪತ್ರದ ಬಗ್ಗೆ ಒಂದೇ ಒಂದು ಸಾಲು: "ಪೇಪರ್ ಎಲ್ಲಾ ಕ್ಲಿಯರ್ ಅಂತ ಏಜೆಂಟ್ ಹೇಳಿದ್ದಾರೆ." ನನಗೆ ಹೆದರಿಕೆ ಆದದ್ದು ಆ ಸಾಲು ಓದಿ.

ನಾನು ವಕೀಲ ಅಲ್ಲ, ಕಟ್ಟಡ ತಪಾಸಣೆ ಮಾಡುವ ಸ್ಟ್ರಕ್ಚರಲ್ ಇಂಜಿನಿಯರ್. ಧಾರವಾಡದಿಂದ ಪುಣೆಗೆ ಬಂದು 28 ವರ್ಷ ಆಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ಪೇಠೆಗಳ ಓಣಿಗಳಲ್ಲೇ ಕಳೆದಿದ್ದೇನೆ. ಇಲ್ಲಿ ಮನೆ ಕೊಂಡು ಕೆಟ್ಟವರನ್ನು ಕಂಡಿದ್ದೇನೆ. ಅವರಲ್ಲಿ ನೀರು ನುಗ್ಗಿ ಕೆಟ್ಟವರು ಕಡಿಮೆ, ಕಾಗದದಿಂದ ಕೆಟ್ಟವರೇ ಹೆಚ್ಚು. ಆದರೂ ನಿಮ್ಮ ಚಿಂತೆ ನೀರಿನದ್ದು, ಅಲ್ಲಿಂದಲೇ ಶುರು ಮಾಡೋಣ.

ಸೋದರಮಾವ ಹೇಳುವುದು ಸುಳ್ಳಲ್ಲ. 1961ರ ಜುಲೈ 12ರ ಬೆಳಿಗ್ಗೆ ಪಾನ್‌ಶೆತ್ ಅಣೆಕಟ್ಟು ಒಡೆಯಿತು. ಅದಿನ್ನೂ ಪೂರ್ತಿ ಕಟ್ಟಿ ಮುಗಿದಿರಲಿಲ್ಲ, ಮಣ್ಣಿನ ಕಟ್ಟೆ. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕ್‌ವಾಸಲಾ ಕೂಡ ಒಡೆಯಿತು. ನಾರಾಯಣ, ಶನಿವಾರ, ಕಸಬಾ ಪೇಠೆಗಳ ನದಿ ಕಡೆಯ ಭಾಗ ಮುಳುಗಿತು. ಮಣ್ಣಿನ ಗಾರೆಯ ವಾಡಾಗಳು ನೀರಲ್ಲಿ ನೆನೆದು ಕುಸಿದವು. ಮನೆ ಕಳೆದುಕೊಂಡವರಿಗೆಂದೇ ಗೋಖಲೆನಗರ, ಸಹಕಾರನಗರದ ಕಡೆ ವಸಾಹತುಗಳು ಎದ್ದವು. ಖಡಕ್‌ವಾಸಲಾ ಹೋದ ಮೇಲೆ ಊರಿಗೆ ನಲ್ಲಿ ನೀರೂ ಇಲ್ಲ. ವಾಡಾಗಳ ಹಳೇ ಬಾವಿಗಳ ಹೂಳು ತೆಗೆದು ಜನ ದಿನ ದೂಡಿದರು. ಅಂಥದ್ದನ್ನು ಕಂಡವರಿಗೆ ನದಿ ಅಂದರೆ ಎದೆ ನಡುಗದೆ ಇರುತ್ತದೆಯೇ?

ಆದರೆ ಅದು ಅಣೆಕಟ್ಟು ಒಡೆದ ಪ್ರವಾಹ. ಮಳೆಗಾಲದಲ್ಲಿ ನದಿ ತುಂಬಿ ಬರುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ. ನಿಮ್ಮ ಮನೆಗೆ ಸಂಬಂಧಿಸಿದ್ದು ಎರಡನೆಯದು.

ಅದು ಹೇಗೆ ಆಗುತ್ತೆ ಅಂದರೆ, ಪುಣೆಯ ಮೇಲ್ಗಡೆ ನಾಲ್ಕು ಅಣೆಕಟ್ಟುಗಳಿವೆ: ಟೇಮಘರ್, ವರಸಗಾಂವ್, ಪಾನ್‌ಶೆತ್, ಎಲ್ಲಕ್ಕೂ ಕೆಳಗೆ ಖಡಕ್‌ವಾಸಲಾ. ನಾಲ್ಕೂ ಸೇರಿ ಸುಮಾರು 29 ಟಿಎಂಸಿ. ಅದರಲ್ಲಿ ಖಡಕ್‌ವಾಸಲಾದ ಪಾಲು 2 ಟಿಎಂಸಿಗೂ ಕಡಿಮೆ. ಅಂದರೆ ಊರಿಗೆ ತೀರ ಹತ್ತಿರ ಇರುವ ಪಾತ್ರೆಯೇ ಎಲ್ಲಕ್ಕಿಂತ ಚಿಕ್ಕದು. ಮೇಲಿನವು ತುಂಬಿರುವಾಗ, ಇಲ್ಲವೇ ಖಡಕ್‌ವಾಸಲಾದ ಸುತ್ತಮುತ್ತಲೇ ಒಂದು ರಾತ್ರಿ ಜೋರು ಮಳೆ ಬಿದ್ದರೆ, ನೀರನ್ನು ಹಿಡಿದಿಡಲು ಜಾಗವೇ ಇರುವುದಿಲ್ಲ. ಬಿಡಲೇಬೇಕು. 2024ರ ಜುಲೈ 25ರಂದು ಆದದ್ದು ಇದೇ. ನಸುಕಿನಲ್ಲಿ 35 ಸಾವಿರ ಕ್ಯುಸೆಕ್ ಆಸುಪಾಸು ನೀರು ಬಿಟ್ಟರು. ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಜನ ಏಳುವ ಹೊತ್ತಿಗೆ ಪಾರ್ಕಿಂಗ್‌ನಲ್ಲಿ ನೀರು. ನದಿಗೆ ತಗ್ಗಾಗಿ ಕಟ್ಟಿದ ಭಿಡೆ ಪೂಲ್ ಸೇತುವೆ ಮುಳುಗಿತು. ಡೆಕ್ಕನ್ ಹತ್ತಿರ ನದಿ ಪಕ್ಕದಲ್ಲಿ ಮೂವರು ತೀರಿಕೊಂಡರು. ಅವರು ಕೊಚ್ಚಿಹೋಗಿ ಸತ್ತವರಲ್ಲ, ನೀರಲ್ಲಿ ಕರೆಂಟ್ ಹೊಡೆದು ಸತ್ತವರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸರ್ಕಾರದವರು ನದಿಗೆ ಎರಡು ಗೆರೆ ಎಳೆದಿದ್ದಾರೆ. 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹ ಮುಟ್ಟುವ ಮಟ್ಟ ನೀಲಿ ಗೆರೆ, 100 ವರ್ಷಕ್ಕೊಮ್ಮೆ ಬರಬಹುದಾದದ್ದು ಕೆಂಪು ಗೆರೆ. ನದಿಯಿಂದ ನೀಲಿ ಗೆರೆಯವರೆಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ನೀಲಿ-ಕೆಂಪು ನಡುವೆ ಷರತ್ತಿನ ಮೇಲೆ ಕಟ್ಟಬಹುದು, ಕಟ್ಟಡದ ನೆಲಮಟ್ಟ (ಪ್ಲಿಂತ್) ಕೆಂಪು ಗೆರೆಗಿಂತ ಎತ್ತರ ಇರಬೇಕು. ಮುಠಾಗೆ ನೀಲಿ ಗೆರೆಯ ಲೆಕ್ಕ 60 ಸಾವಿರ ಕ್ಯುಸೆಕ್, ಕೆಂಪಿನದು 1 ಲಕ್ಷ. 2024ರಲ್ಲಿ ಬಿಟ್ಟದ್ದು ನೀಲಿ ಗೆರೆಯ ಲೆಕ್ಕಕ್ಕಿಂತಲೂ ಎಷ್ಟೋ ಕಡಿಮೆ, ಆದರೂ ಜನರ ಮನೆಗೆ ನೀರು ನುಗ್ಗಿತು. ಹಾಗಾಗಿ "ನಮ್ಮ ಬಿಲ್ಡಿಂಗ್ ನೀಲಿ ಗೆರೆಯಿಂದ ಆಚೆಗಿದೆ, ಚಿಂತೆ ಇಲ್ಲ" ಎಂದು ಏಜೆಂಟ್ ಹೇಳಿದರೆ ಅದನ್ನೂ ಪೂರ್ತಿ ನಂಬಬೇಡಿ. ನದಿಯ ಅಂಚಿನಲ್ಲಿ ರಾಡಿ ಮಣ್ಣು, ಕಟ್ಟಡದ ಮಣ್ಣುಕಲ್ಲು ಸುರಿದರೆ ಪಾತ್ರ ಕಿರಿದಾಗುತ್ತದೆ. ಅಷ್ಟೇ ನೀರು ಹಿಂದಿಗಿಂತ ಮೇಲೆ ಏರುತ್ತದೆ. ನಕ್ಷೆಯ ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನೊಂದು ದಾರಿಯಿಂದಲೂ ನೀರು ಬರುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಪೇಠೆಯ ಮಳೆನೀರೆಲ್ಲ ಮೋರಿಗಳ ಮೂಲಕ ಹೋಗಿ ನದಿಗೆ ಬೀಳಬೇಕು. ನದಿಯೇ ಮೇಲೆದ್ದಾಗ ಮೋರಿಯ ಬಾಯಿ ಮುಚ್ಚಿದ ಹಾಗೆ. ಆಗ ಓಣಿಯ ನೀರು ಹಿಂದೆ ತಿರುಗಿ ಮ್ಯಾನ್‌ಹೋಲ್‌ನಿಂದ ಉಕ್ಕುತ್ತದೆ. ನದಿ ನಿಮ್ಮ ಮನೆಯಿಂದ 200 ಮೀಟರ್ ದೂರ ಇದ್ದರೂ ಪಾರ್ಕಿಂಗ್‌ನಲ್ಲಿ ಮೊಣಕಾಲುದ್ದ ನೀರು ನಿಲ್ಲಬಹುದು, ಅದೂ ಚರಂಡಿ ನೀರು.

ಹಾಗಾದರೆ ನೋಡಬೇಕಾದ್ದು ಏನು? ಮೊದಲು ಕಾರ್ಪೊರೇಷನ್ನಿನ ಡಿಪಿ (ಊರಿನ ಅಭಿವೃದ್ಧಿ ಯೋಜನೆ) ನಕ್ಷೆಯಲ್ಲಿ ಆ ಜಾಗದ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಹುಡುಕಿಸಿ, ಎರಡೂ ಗೆರೆ ಎಲ್ಲಿ ಹಾಯ್ದಿವೆ ನೋಡಿ. ಆಮೇಲೆ ಒಂದು ದಿನ ಲಕ್ಷ್ಮಿ ರೋಡಿನಿಂದ ಆ ಓಣಿಗೆ ನಡೆದುಕೊಂಡೇ ಹೋಗಿ. ಇಳಿಜಾರು ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅನ್ನುವುದು ಕಾಲಿಗೇ ಗೊತ್ತಾಗುತ್ತದೆ. ಕಟ್ಟಡ ಇಳಿಜಾರಿನ ತಲೆಯಲ್ಲಿದೆಯೋ ಬುಡದಲ್ಲಿದೆಯೋ ನೋಡಿ. ಓಣಿಯ ಕಿರಾಣಿ ಅಂಗಡಿಯವರನ್ನೋ ಇಸ್ತ್ರಿಯವರನ್ನೋ ಮಾತಾಡಿಸಿ, 2024ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ. ಮಾರುವವನಿಗೆ ಆ ದಿನ ಮರೆತಿರಬಹುದು, ಇಸ್ತ್ರಿಯವನಿಗೆ ಮರೆತಿರುವುದಿಲ್ಲ.

ಆಮೇಲೆ ಪಾರ್ಕಿಂಗ್‌ಗೆ ಹೋಗಿ ಕರೆಂಟ್ ಮೀಟರುಗಳು ಎಷ್ಟು ಎತ್ತರದಲ್ಲಿವೆ ನೋಡಿ. ಎಂಬತ್ತರ ದಶಕದ ಕಟ್ಟಡಗಳಲ್ಲಿ ಮೆಟ್ಟಿಲ ಕೆಳಗೆ, ಸೊಂಟದ ಮಟ್ಟದಲ್ಲಿ ಮೀಟರ್ ಬೋರ್ಡ್ ಇರುವುದೇ ಹೆಚ್ಚು. ನೆಲದೊಳಗಿನ ನೀರಿನ ಟಾಕಿಯ ಮುಚ್ಚಳ ನೆಲಮಟ್ಟದಲ್ಲೇ ಇದೆಯೋ, ಎತ್ತರಿಸಿ ಕಟ್ಟೆ ಕಟ್ಟಿದ್ದಾರೋ ನೋಡಿ. ನೆಲಮಟ್ಟದಲ್ಲೇ ಇದ್ದರೆ ಒಂದು ಸಲ ಚರಂಡಿ ನೀರು ನುಗ್ಗಿದರೆ ಸಾಕು, ಎಂಟು ದಿನ ಕುಡಿಯುವ ನೀರಿಗೆ ಪರದಾಟ. ಎರಡನೇ ಮಹಡಿಯ ನಿಮ್ಮ ಮನೆಗೆ ನದಿ ಬರುವುದಿಲ್ಲ. ಆದರೆ ಮೀಟರ್, ಪಂಪ್, ಟಾಕಿ, ಸ್ಕೂಟರ್ ಎಲ್ಲಾ ಕೆಳಗೇ ಇರುತ್ತವೆ, ಅಲ್ವಾ? ಇವನ್ನು ಮೇಲೆತ್ತಿಸುವ ಖರ್ಚು ಸೊಸೈಟಿಯವರು, ಅಂದರೆ ಕಟ್ಟಡದ ಫ್ಲ್ಯಾಟ್ ಮಾಲೀಕರ ಸಂಘದವರು, ಹಂಚಿಕೊಂಡರೆ ದೊಡ್ಡದೇನಲ್ಲ. ಸೊಸೈಟಿಯವರು ಇದನ್ನು ಮಾಡಿಸಿಲ್ಲ ಅಂದರೆ, ಅವರು ಬೇರೆ ಯಾವುದನ್ನೂ ಮಾಡಿಸಿರಲಿಕ್ಕಿಲ್ಲ.

ಇನ್ನು ಕಟ್ಟಡಕ್ಕೆ ಬರುತ್ತೇನೆ.

ಪೇಠೆಗಳಲ್ಲಿ ಎರಡು ನಂಬಿಕೆ ಓಡಾಡುತ್ತವೆ. "ಪೇಶ್ವೆ ಕಾಲದ ಕಟ್ಟು, ಕಲ್ಲಿನಂಥದ್ದು, ಏನೂ ಆಗಲ್ಲ" ಅನ್ನುವುದು ಒಂದು. "ಹಳೇ ವಾಡಾ ಅಂದರೆ ಈ ಮಳೆಗೋ ಮುಂದಿನ ಮಳೆಗೋ ಬೀಳುವುದೇ" ಅನ್ನುವುದು ಇನ್ನೊಂದು. ಎರಡೂ ಅರ್ಧ ಸುಳ್ಳು. ವಾಡಾದ ಹೊರೆ ಹೊರುವುದು ಸಾಗವಾನಿ ಕಂಬ ಮತ್ತು ತೊಲೆ. ಗೋಡೆಯಲ್ಲಿ ಕೆಳಗೆ ಕರಿಕಲ್ಲು, ಮೇಲೆ ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ, ಹೊರಗೆ ಸುಣ್ಣದ ಗಿಲಾವು. ಇದು ಒಣಗಿದ್ದಷ್ಟು ದಿನ ನೂರೈವತ್ತು ವರ್ಷ ನಿಲ್ಲುತ್ತದೆ. ಕೆಡಿಸಿದ್ದು ನಾವು, ಆಮೇಲೆ ಸೇರಿಸಿದ ಬಚ್ಚಲುಗಳಿಂದ. ಅಂಗಳದ ಮೂಲೆಯಲ್ಲಿ ಎಲ್ಲರಿಗೂ ಸೇರಿ ಇದ್ದ ಸಂಡಾಸು-ಬಚ್ಚಲು ಸಾಲದು ಎಂದು ಪ್ರತಿ ಬಾಡಿಗೆದಾರನೂ ಮಾಳಿಗೆಯ ಮೇಲೆ ತನ್ನದೊಂದು ಬಚ್ಚಲು ಮಾಡಿಕೊಂಡ. ಮರದ ಜಂತೆಯ ಮೇಲೆ ಕಾಂಕ್ರೀಟು, ಅದರ ಮೇಲೆ ಟೈಲ್ಸು, ಪಕ್ಕದಲ್ಲಿ ಐನೂರು ಲೀಟರಿನ ಟಾಕಿ. ನೀರು ಜಂತೆಯ ತುದಿಗೆ ಇಳಿಯುತ್ತದೆ, ಅದು ಗೋಡೆಯೊಳಗೆ ಹೂತಿರುವ ಜಾಗ, ಯಾರಿಗೂ ಕಾಣುವುದಿಲ್ಲ.

ಕಸಬಾದಲ್ಲಿ ಒಂದು ವಾಡಾ ನೋಡಲು ಹೋಗಿದ್ದೆ. ಪಡಸಾಲೆಯ ಕಂಬಕ್ಕೆ ಹೊಳೆಯುವ ಕಂದು ಬಣ್ಣ ಹಚ್ಚಿದ್ದರು, ಕೆತ್ತನೆ ಚೆಂದ. ನನ್ನ ಕಿಸೆಯಲ್ಲಿ ಯಾವಾಗಲೂ ಒಂದು ಉದ್ದ ಸ್ಕ್ರೂಡ್ರೈವರ್ ಇರುತ್ತದೆ. ಅದರ ಹಿಡಿಯಿಂದ ಕಂಬಕ್ಕೆ ಮೇಲಿನಿಂದ ಕೆಳಗೆ ತಟ್ಟುತ್ತಾ ಬಂದೆ. ಎದೆಮಟ್ಟದವರೆಗೆ ಟಣ್ ಟಣ್ ಅನ್ನುತ್ತಿತ್ತು. ಮೊಣಕಾಲ ಹತ್ತಿರ ಬರುತ್ತಲೇ ಡಬ್ ಎಂದಿತು. ಕೆಳಗಿನ ಕಲ್ಲಿನಿಂದ ನಾಲ್ಕು ಬೆರಳು ಮೇಲೆ ತುದಿ ಊರಿದೆ. ಬೆಣ್ಣೆಗೆ ಚುಚ್ಚಿದ ಹಾಗೆ ಮೂರು ಇಂಚು ಒಳಗೆ ಹೋಯಿತು. ಹೊರಗೆಳೆದರೆ ತುದಿಗೆ ಒದ್ದೆ ಮಣ್ಣು, ಅದರಲ್ಲಿ ಎರಡು ಬಿಳಿ ಗೆದ್ದಲು. ಬಣ್ಣದ ಪದರವೇ ಕಂಬವನ್ನು ಹಿಡಿದು ನಿಲ್ಲಿಸಿದೆಯೋ ಅನ್ನಿಸಿತು. ಮನೆಯ ಆಜಿ ನನ್ನ ಮುಖ ನೋಡಿ, "ಚಹಾ ಘ್ಯಾ, ಮಗ ಬೋಲಾ" (ಚಹಾ ತಗೊಳ್ಳಿ, ಆಮೇಲೆ ಮಾತಾಡಿ) ಎಂದರು. ಚಹಾ ಕುಡಿದೇ ಹೇಳಿದೆ.

ಮಳೆಗಾಲಕ್ಕೆ ಮುಂಚೆ ಕಾರ್ಪೊರೇಷನ್ ಇಂಥ ಕಟ್ಟಡಗಳನ್ನು ನೋಡಿ ನೋಟಿಸ್ ಕೊಡುತ್ತದೆ. ಸಿ-1 ಅಂದರೆ ಅಪಾಯ, ಖಾಲಿ ಮಾಡಿ ಕೆಡವಬೇಕು. ಸಿ-2 ಅಂದರೆ ದೊಡ್ಡ ದುರಸ್ತಿ ಬೇಕು, ಸಿ-3 ಅಂದರೆ ಸಣ್ಣದು. ನೀವು ನೋಡಿದ ವಾಡಾಕ್ಕೆ ಅಂಥ ನೋಟಿಸ್ ಬಂದಿದೆಯೇ ಎಂದು ವಾರ್ಡ್ ಕಚೇರಿಯಲ್ಲೇ ಕೇಳಿ. ಬಾಗಿಲಿಗೆ ಹಚ್ಚಿದ ಕಾಗದ ಯಾರಾದರೂ ಹರಿದಿರಬಹುದು.

1984ರ ನಿಮ್ಮ ನಾರಾಯಣ ಪೇಠೆಯ ಕಟ್ಟಡದ್ದು ಬೇರೆ ರೋಗ. ಅದು ಕಾಂಕ್ರೀಟು. ಹೊಸ ಕಾಂಕ್ರೀಟಿನಲ್ಲಿ ಕ್ಷಾರ ಹೆಚ್ಚು, ಅದು ಕಬ್ಬಿಣದ ಸರಳಿಗೆ ತುಕ್ಕು ಹಿಡಿಯಲು ಬಿಡುವುದಿಲ್ಲ. ವರ್ಷ ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡು ಒಳಗಿಳಿದು ಆ ಗುಣ ಹೋಗುತ್ತದೆ. ಅದು ಸರಳಿನವರೆಗೆ ತಲುಪಿ, ಜೊತೆಗೆ ಸೋರಿಕೆಯೂ ಇದ್ದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಪಾರ್ಕಿಂಗ್‌ನ ಕಂಬಗಳಲ್ಲಿ ಉದ್ದಕ್ಕೆ, ಸರಳಿನ ಗುಂಟ ಬಿರುಕಿದ್ದರೆ ಅದೇ ಲಕ್ಷಣ. ಗಿಲಾವಿನ ಮೇಲಿನ ಜೇಡರ ಬಲೆಯಂಥ ಬಿರುಕಿಗೆ ಹೆದರಬೇಡಿ. ತಪಾಸಣೆಗೆ ಬಂದವರು ಕಂಬದ ಒಂದು ಚೂರು ಒಡೆದು ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಒಳ್ಳೆ ಕಾಂಕ್ರೀಟಾದರೆ ಹೋಳಿ ಆಡಿದ ಹಾಗೆ ಗುಲಾಬಿ ಬಣ್ಣ ಏಳುತ್ತದೆ. ಬಣ್ಣ ಬರದ ಪಟ್ಟಿ ಹೊರಗಿನಿಂದ ಸರಳಿನವರೆಗೂ ಇದ್ದರೆ, ಆ ಕಂಬದ ಕವಚ ಮುಗಿದಿದೆ ಎಂದೇ ಲೆಕ್ಕ. ಐದು ನಿಮಿಷದ ಪರೀಕ್ಷೆ ಇದು. ನಿಮ್ಮ ಮುಂದೆಯೇ ಮಾಡಿಸಿ.

ಇನ್ನೊಂದು ಮಾತು. ಪುಣೆ ಭೂಕಂಪದ ಮೂರನೇ ವಲಯದಲ್ಲಿದೆ. ಕಾಂಕ್ರೀಟು ಕಟ್ಟಡ ಭೂಕಂಪಕ್ಕೆ ಬಾಗಿದರೂ ಮುರಿಯದ ಹಾಗೆ ಸರಳು ಹೇಗೆ ಕಟ್ಟಬೇಕು ಅನ್ನುವ ಪ್ರತ್ಯೇಕ ಕೋಡ್ ಬಂದದ್ದು 1993ರಲ್ಲಿ. ನಿಮ್ಮದು ಅದಕ್ಕಿಂತ ಮುಂಚಿನದು. ಕೆಳಗೆ ಗೋಡೆ ಇಲ್ಲದ ಬರೀ ಕಂಬಗಳ ಪಾರ್ಕಿಂಗ್, ಮೇಲೆ ಗೋಡೆ ತುಂಬಿದ ನಾಲ್ಕು ಮಹಡಿ. ಇಷ್ಟಕ್ಕೇ ಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ. ಊರಿನ ಅರ್ಧ ಜನ ಅಂಥ ಕಟ್ಟಡಗಳಲ್ಲೇ ಇದ್ದಾರೆ, ನಾನೂ ಇದ್ದೇನೆ. ಆದರೆ ಆ ಕೆಳಗಿನ ಕಂಬಗಳಿಗೆ ತುಕ್ಕು ಬಂದಿದ್ದರೆ ಮಾತ್ರ ರಾಜಿ ಬೇಡ. 30 ವರ್ಷ ದಾಟಿದ ಕಟ್ಟಡಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು ಎಂದು ಸೊಸೈಟಿಯ ಮಾದರಿ ನಿಯಮದಲ್ಲೇ ಇದೆ. ಸೆಕ್ರೆಟರಿಯವರನ್ನು ಕೊನೆಯ ವರದಿ ಕೇಳಿ. "ಆಡಿಟ್ ಅಂದರೆ ಸಿಎ ಮಾಡ್ತಾರಲ್ಲ, ಅದೇನಾ?" ಎಂದು ಅವರು ತಿರುಗಿ ಕೇಳಿದರೆ ಉತ್ತರ ಸಿಕ್ಕಂತೆ. ಬ್ಯಾಂಕಿನವರೂ ಇಷ್ಟು ಹಳೇ ಕಟ್ಟಡಕ್ಕೆ ಸಾಲ ಕೊಡುವ ಮುಂಚೆ ಇನ್ನೆಷ್ಟು ವರ್ಷ ಆಯುಷ್ಯ ಎಂಬ ಸರ್ಟಿಫಿಕೇಟ್ ಕೇಳಬಹುದು. ಅದನ್ನು ಟೋಕನ್ ಕೊಡುವ ಮೊದಲೇ ಮಾತಾಡಿಕೊಳ್ಳಿ.

ಈಗ ಕಾಗದ.

ಪಗಡಿ ಎಂದರೆ ನೀವು ಮನೆ ಕೊಳ್ಳುವುದಿಲ್ಲ, ಬಾಡಿಗೆದಾರನ ಹಕ್ಕು ಕೊಳ್ಳುತ್ತೀರಿ. 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆ ಪಗಡಿ ಹಣವನ್ನು ಒಪ್ಪುತ್ತದೆ, ಅದು ಕಳ್ಳ ವ್ಯವಹಾರ ಅಲ್ಲ. ಆದರೆ ಗೋಡೆ, ನೆಲ, ಆಕಾಶ ಎಲ್ಲಾ ಮಾಲೀಕನದು. ಮಾಲೀಕನ ಒಪ್ಪಿಗೆ ಇಲ್ಲದೆ ಹೆಸರು ಬದಲಾಗುವುದಿಲ್ಲ, ಅವನಿಗೆ ಅದರಲ್ಲಿ ಪಾಲೂ ಸಲ್ಲಬೇಕು. ಗೃಹಸಾಲ ಸಿಗುವುದಿಲ್ಲ ಎಂದೇ ತಿಳಿಯಿರಿ. ಪೇಠೆಯಲ್ಲಿ ಮಾಲೀಕ ಅಂದರೆ ಒಬ್ಬನಲ್ಲ. ಅಜ್ಜ ತೀರಿಕೊಂಡು ನಾಲ್ಕು ಮಕ್ಕಳು, ಹದಿನಾಲ್ಕು ಮೊಮ್ಮಕ್ಕಳು, ಒಬ್ಬ ಅಮೆರಿಕದಲ್ಲಿ, ಇನ್ನೊಬ್ಬ ಇವರ ಜೊತೆ ಮಾತೇ ಬಿಟ್ಟವನು. ಕೆಲವು ವಾಡಾಗಳು ದೇವಸ್ಥಾನದ ಟ್ರಸ್ಟಿನ ಆಸ್ತಿ. ಅವನ್ನು ಮಾರಬೇಕಾದರೆ ಚಾರಿಟಿ ಕಮಿಷನರ್ ಅನುಮತಿ ಬೇಕು.

ಇಷ್ಟರ ಮೇಲೆ ನಿಮ್ಮ ವಾಡಾ ಇರುವುದು ಶನಿವಾರವಾಡಾದ ಹಿಂದೆ. ಶನಿವಾರವಾಡಾ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದಿದ ಕಾಯ್ದೆಯ ಪ್ರಕಾರ ಅದರ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಇರುವ ಮನೆಗೆ ಅನುಮತಿ ಪಡೆದು ದುರಸ್ತಿ ಮಾಡಬಹುದು. ಕೆಡವಿ ಹೊಸದಾಗಿ ಕಟ್ಟುವ ಹಾಗಿಲ್ಲ. ನಿಯಂತ್ರಿತ ವಲಯದಲ್ಲಿ ಅನುಮತಿ ಸಿಕ್ಕರೆ ಕಟ್ಟಬಹುದು. "ನಾಳೆ ಬಿಲ್ಡಿಂಗ್ ಆದರೆ" ಎಂದರಲ್ಲ, ಆ ನಾಳೆ ಕಾನೂನಿನಲ್ಲೇ ಇಲ್ಲದಿರಬಹುದು! ಮುಂಭಾಗಿಲಿನಿಂದ ಶನಿವಾರವಾಡಾದ ಕೋಟೆ ಗೋಡೆಯವರೆಗೆ ಎಷ್ಟು ಮೀಟರ್ ಎಂದು ಅಳೆಸುವುದೇ ನಿಮ್ಮ ಮೊದಲ ಕೆಲಸ. ಕಸಬಾದ ಎಷ್ಟೋ ಕುಟುಂಬಗಳು ವರ್ಷಗಳಿಂದ ಇದೇ 100 ಮೀಟರಿನೊಳಗೆ ಸಿಕ್ಕಿಬಿದ್ದಿವೆ. ಮನೆ ಜೀರ್ಣವಾಗಿದೆ, ಕಟ್ಟುವ ಹಾಗಿಲ್ಲ, ಕೊಳ್ಳುವವರಿಲ್ಲ. 30 ಲಕ್ಷ ಯಾಕೆ ಅಗ್ಗ ಅನ್ನಿಸಿತು ಎಂಬುದಕ್ಕೆ ಕಾರಣ ಇದೇ ಇರಬಹುದು.

ನಾರಾಯಣ ಪೇಠೆಯ ಫ್ಲ್ಯಾಟಿಗೆ ಈ ಕಾಟ ಇಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನೆಲದ ಮಾಲೀಕ ಯಾರು ಎಂದು ತೋರಿಸುವ ಪ್ರಾಪರ್ಟಿ ಕಾರ್ಡಿನಲ್ಲಿ ಯಾರ ಹೆಸರಿದೆ? ಸಿಟಿ ಸರ್ವೆ ಕಚೇರಿಯಿಂದ ತೆಗೆಸಿ. ಸೊಸೈಟಿಯ ಹೆಸರಿದ್ದರೆ ಸಂತೋಷ. ಹಳೇ ವಾಡಾ ಮಾಲೀಕನ ಹೆಸರೇ ಇದ್ದರೆ, ಬಿಲ್ಡರ್ ಕನ್ವೇಯನ್ಸ್ (ನೆಲವನ್ನು ಸೊಸೈಟಿಯ ಹೆಸರಿಗೆ ವರ್ಗಾಯಿಸುವುದು) ಮಾಡಿಕೊಡದೆ ಹೋಗಿದ್ದಾನೆ ಎಂದರ್ಥ. ಫ್ಲ್ಯಾಟ್ ನಿಮ್ಮದು, ಅದರ ಕೆಳಗಿನ ನೆಲ ನಿಮ್ಮದಲ್ಲ.

ಇದನ್ನು ನಾನು ಹಣ ಕೊಟ್ಟು ಕಲಿತವನು. ನನ್ನ ಮೊದಲ ಫ್ಲ್ಯಾಟ್ ಕೊಂಡಾಗ ಕಂಬ, ತೊಲೆ ಎಲ್ಲಾ ತಟ್ಟಿ ನೋಡಿದ್ದೆ, ಪ್ರಾಪರ್ಟಿ ಕಾರ್ಡ್ ಮಾತ್ರ ನೋಡಿರಲಿಲ್ಲ. ಹದಿನಾರು ವರ್ಷದ ಮೇಲೆ ರಿಡೆವಲಪ್‌ಮೆಂಟ್ ಮಾತು ಬಂದಾಗ ಗೊತ್ತಾಯಿತು, ನೆಲ ಇನ್ನೂ ಮೂಲ ಮಾಲೀಕನ ಹೆಸರಲ್ಲೇ ಇದೆ. ಬಿಲ್ಡರ್ ಅಂಗಡಿ ಮುಚ್ಚಿಕೊಂಡು ಹೋಗಿ ಎಷ್ಟೋ ಕಾಲ ಆಗಿತ್ತು. ಬಿಲ್ಡರ್ ಮಾಡಿಕೊಡದಿದ್ದರೂ ಸರ್ಕಾರದಿಂದಲೇ ನೆಲ ವರ್ಗ ಮಾಡಿಸಿಕೊಳ್ಳುವ ಡೀಮ್ಡ್ ಕನ್ವೇಯನ್ಸ್‌ಗೆ ಜಿಲ್ಲಾ ಉಪನಿಬಂಧಕರ ಮುಂದೆ ಅರ್ಜಿ ಹಾಕಿ, 1980ರ ದಶಕದ ಒಪ್ಪಂದಗಳ ಪ್ರತಿ ಹುಡುಕಿ ಹೈರಾಣಾದೆವು. ಕೊನೆಗೆ ಸಿಕ್ಕಿತು. ಅಂದರೆ ದಾರಿ ಇದೆ, ಆದರೆ ಆ ದಾರಿಯ ಸವೆತಕ್ಕೆ ಬೆಲೆಯಲ್ಲಿ ಕಡಿತ ಕೇಳುವುದು ನಿಮ್ಮ ಹಕ್ಕು. ಒಳ್ಳೆ ವಕೀಲರಿಂದ 30 ವರ್ಷದ ಸರ್ಚ್ ರಿಪೋರ್ಟ್ (ಆಸ್ತಿ ಯಾರಿಂದ ಯಾರಿಗೆ ಹೋಯಿತು ಎಂಬ ದಾಖಲೆ ತಪಾಸಣೆ) ತೆಗೆಸಿ, ಅವರು ಏಜೆಂಟ್ ತೋರಿಸಿದ ವಕೀಲರು ಆಗಿರದಿರಲಿ. ಮುದ್ರಾಂಕ ಶುಲ್ಕಕ್ಕೆ ಶೇ 7, ನೋಂದಣಿಗೆ 30 ಸಾವಿರ ತೆಗೆದಿಡಿ. ನಿಮ್ಮ ಹೆಂಡತಿಯೊಬ್ಬರ ಹೆಸರಲ್ಲೇ ಕೊಂಡರೆ ಶೇ 1 ಉಳಿಯುತ್ತದೆ.

"ಐದು ವರ್ಷದಲ್ಲಿ ರಿಡೆವಲಪ್‌ಮೆಂಟ್ ಆಗುತ್ತೆ, ದುಪ್ಪಟ್ಟು" ಅನ್ನುವ ಮಾತನ್ನು ನಾನು ಬೆಲೆಗೆ ಸೇರಿಸುವುದೇ ಇಲ್ಲ. ಈಗ ಸೊಸೈಟಿಯ ಶೇ 51 ಸದಸ್ಯರು ಒಪ್ಪಿದರೆ ಸಾಕು, ಅದು ನಿಜ. ಆದರೆ ಬಿಲ್ಡರ್ ಬರುವುದು ಒಪ್ಪಿಗೆ ನೋಡಿ ಅಲ್ಲ, ಉಳಿಯುವ ಜಾಗ ನೋಡಿ. ಎಷ್ಟು ಎತ್ತರ ಕಟ್ಟಬಹುದು, ಎಷ್ಟು ಹೆಚ್ಚುವರಿ ಎಫ್‌ಎಸ್‌ಐ (ಜಾಗದ ಅಳತೆಗೆ ತಕ್ಕಂತೆ ಕಟ್ಟಲು ಬಿಡುವ ಒಟ್ಟು ವಿಸ್ತೀರ್ಣ) ಸಿಗುತ್ತದೆ ಎನ್ನುವುದು ಮುಂದಿನ ರಸ್ತೆಯ ಅಗಲದ ಮೇಲೆ ನಿಂತಿದೆ. ಪೇಠೆಯ ಓಣಿ ನಿಮಗೆ ಗೊತ್ತೇ ಇದೆ. ಎದುರಿನಿಂದ ಟೆಂಪೊ ಬಂದರೆ ಸ್ಕೂಟರ್ ಯಾರದೋ ಕಟ್ಟೆ ಹತ್ತಬೇಕು. ಹಾಗಾಗಿ ಆ ಓಣಿಯನ್ನು ಟೇಪ್ ಹಿಡಿದು ಅಳೆಯಿರಿ. 9 ಮೀಟರ್ ಇಲ್ಲದಿದ್ದರೆ ದೊಡ್ಡ ಆಸೆ ಬೇಡ. ಜಾಗದ ಒಂದು ತುಂಡು ನೀಲಿ ಗೆರೆಯೊಳಗೆ ಬಿದ್ದರೆ ಲೆಕ್ಕ ಇನ್ನೂ ಇಳಿಯುತ್ತದೆ. ನೋಡಿ, ನೀರಿನ ಗೆರೆ ಹೀಗೆ ಕಾಗದದೊಳಗೂ ಬರುತ್ತದೆ. ನೀರು ಮನೆಗೆ ಬಾರದಿದ್ದರೂ ಗೆರೆ ಬೆಲೆಗೆ ಬಂದಿರುತ್ತದೆ. ಈಗ ನದಿ ದಂಡೆಯ 44 ಕಿಲೋಮೀಟರ್ ಅಭಿವೃದ್ಧಿ ಯೋಜನೆಯ ಹೆಸರು ಹೇಳಿ "ರಿವರ್ ವ್ಯೂ" ಎಂದು ದರ ಏರಿಸುವವರಿದ್ದಾರೆ. ಕಿಟಕಿಯಿಂದ ಇವತ್ತು ಕಾಣುವುದಕ್ಕೆ ಮಾತ್ರ ದುಡ್ಡು ಕೊಡಿ.

ಇರುವುದಕ್ಕೆ ಹೇಗೆ ಅಂತಲೂ ಮೂಲ ಪತ್ರದಲ್ಲಿ ಕೇಳಿದ್ದೀರಿ. ಚೆನ್ನಾಗಿದೆ. ಮಂಡಈ ತರಕಾರಿ ಮಾರ್ಕೆಟ್, ತುಳಶಿಬಾಗ್ ಬಜಾರು, ಅಪ್ಪಾ ಬಲವಂತ ಚೌಕದ ಪುಸ್ತಕದಂಗಡಿ ಎಲ್ಲಾ ನಡೆದೇ ಹೋಗಬಹುದು. 2024ರಿಂದ ಕಸಬಾ ಪೇಠೆಯಲ್ಲೇ ನೆಲದಡಿ ಮೆಟ್ರೊ ಇದೆ, ಡೆಕ್ಕನ್ ಕಡೆಯ ಮೆಟ್ರೊ ನಿಲ್ದಾಣ ಹೊಳೆ ದಾಟಿದರೆ ಸಿಗುತ್ತದೆ. ನಿಮ್ಮ ಮನೆಯವರಿಗೆ ಶಿವಾಜಿನಗರ ಕಷ್ಟವಲ್ಲ, ಮಗಳು ಸೇತುವೆ ದಾಟಿದರೆ ಕಾಲೇಜು. ಕಾರು ಇದ್ದರೆ ಮಾತ್ರ ಅದೊಂದು ದಿನನಿತ್ಯದ ಜಗಳ. ಸೊಳ್ಳೆ ಇದೆ. ಬೇಸಿಗೆಯಲ್ಲಿ ನದಿ ಕಡೆಯಿಂದ ವಾಸನೆಯೂ ಬರುತ್ತದೆ. ಗಣಪತಿಗೆ ಒಂದೂವರೆ ತಿಂಗಳ ಮುಂಚೆಯೇ ನದಿಪಾತ್ರದಲ್ಲಿ ಢೋಲ್-ತಾಶಾ ತಾಲೀಮು ಶುರು, ದಿನಾ ಸಂಜೆ. ಕೇಸರಿವಾಡಾದ ಮಾನದ ಗಣಪತಿ (ಮೆರವಣಿಗೆಯಲ್ಲಿ ಮೊದಲ ಮರ್ಯಾದೆಯ ಐದರಲ್ಲಿ ಒಂದು) ನಾರಾಯಣ ಪೇಠೆಯದೇ. ಅನಂತ ಚತುರ್ದಶಿಯ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ, ಅಷ್ಟೂ ಹೊತ್ತು ನಿಮ್ಮ ಓಣಿಗೆ ವಾಹನ ಬರುವುದಿಲ್ಲ. ಹಬ್ಬ ಅಂತ ಇಷ್ಟಪಟ್ಟರೆ ಸ್ವರ್ಗ. ತಾಯಿಯವರಿಗೆ ನಿದ್ದೆ ಮುಖ್ಯ ಅಂದರೆ ಯೋಚಿಸಿ.

ತಾಯಿಯವರ ಮೊಣಕಾಲಿನ ವಿಷಯವೇ ನನಗೆ ಪ್ರವಾಹಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪಾರ್ಕಿಂಗ್ ಮೇಲೆ ಎರಡನೇ ಮಹಡಿ, ಅಷ್ಟೂ ಮೆಟ್ಟಿಲು ಹತ್ತಲೇಬೇಕು. ಹೊರಗಡೆ ಲಿಫ್ಟ್ ಕೂರಿಸಲು ಆಗುತ್ತದೆ, ಹಲವು ಹಳೇ ಸೊಸೈಟಿಗಳು ಮಾಡಿಕೊಂಡಿವೆ. ಅದಕ್ಕೆ ಪಕ್ಕದ ಖಾಲಿ ಜಾಗ, ಕಾರ್ಪೊರೇಷನ್ ಅನುಮತಿ, ಮತ್ತು ಕೆಳ ಮಹಡಿಯವರೂ ಸೇರಿದ ಸೊಸೈಟಿಯ ಒಪ್ಪಿಗೆ ಬೇಕು. ಕೆಳ ಮಹಡಿಯವರು ಲಿಫ್ಟಿಗೆ ದುಡ್ಡು ಕೊಟ್ಟದ್ದನ್ನು ನಾನಿನ್ನೂ ನೋಡಿಲ್ಲ. ಸೊಸೈಟಿಯ ಹಿಂದಿನ ಸಭೆಗಳ ಠರಾವು ಓದಿದರೆ ಆ ಜಗಳ ಎಲ್ಲಿಗೆ ಬಂದಿದೆ ಗೊತ್ತಾಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಕಸಬಾದ ವಾಡಾ ಬಿಟ್ಟುಬಿಡುತ್ತಿದ್ದೆ. 100 ಮೀಟರಿನ ಆಚೆಗಿದ್ದರೂ ಬಿಡುತ್ತಿದ್ದೆ, ಯಾಕೆಂದರೆ ಅದು ಉಳಿತಾಯದ ದುಡ್ಡು ಹಾಕುವ ಜಾಗ ಅಲ್ಲ, ಹಟದ ಮೇಲೆ ಬದುಕುವವರ ಜಾಗ. ನಾರಾಯಣ ಪೇಠೆಯದನ್ನು ಸುಲಭಕ್ಕೆ ಬಿಡುತ್ತಿರಲಿಲ್ಲ. ಅದೇ ಓಣಿಯಲ್ಲಿ, ಸಾಧ್ಯವಾದರೆ ಅದೇ ಕಟ್ಟಡದಲ್ಲಿ, ಹನ್ನೊಂದು ತಿಂಗಳ ಕರಾರಿನ ಮೇಲೆ ಮೊದಲು ಬಾಡಿಗೆಗೆ ಬರುತ್ತಿದ್ದೆ. ಒಂದು ಜುಲೈ, ಒಂದು ಗಣಪತಿ ಕಳೆಯಲಿ. ತಾಯಿಯವರು ದಿನಕ್ಕೊಮ್ಮೆ ಕೆಳಗಿಳಿದು ಮೇಲೆ ಹತ್ತುತ್ತಾರೋ, ಮನೆಯಲ್ಲೇ ಕೂತುಬಿಡುತ್ತಾರೋ ಅದೂ ತಿಳಿಯುತ್ತದೆ. ಆ ಹೊತ್ತಿಗೆ ವಕೀಲರ ವರದಿ, ಕಂಬದ ಪರೀಕ್ಷೆ ಎರಡೂ ಕೈಗೆ ಬಂದಿರುತ್ತವೆ. "ಅಷ್ಟರಲ್ಲಿ ಬೇರೆಯವರು ಕೊಂಡುಬಿಡುತ್ತಾರೆ" ಎಂದು ಏಜೆಂಟ್ ಹೆದರಿಸುತ್ತಾನೆ. ಲಿಫ್ಟ್ ಇಲ್ಲದ 1984ರ ಕಟ್ಟಡಕ್ಕೆ ಓಣಿ ತುಂಬಾ ಕ್ಯೂ ನಿಂತಿರುವುದಿಲ್ಲ, ಸುಮ್ನೆ ಇರಿ.

ಸೋದರಮಾವನನ್ನೂ ಒಂದು ದಿನ ಕರೆದುಕೊಂಡು ಹೋಗಿ. 1961ರ ನೀರು ಯಾವ ಗೋಡೆಯವರೆಗೆ ಬಂದಿತ್ತು ಎಂದು ಅವರೇ ಕೈ ಮಾಡಿ ತೋರಿಸಲಿ. ನಕ್ಷೆಯ ಕೆಂಪು ಗೆರೆ ಅದರ ಹತ್ತಿರ ಬರುತ್ತದೋ ಇಲ್ಲವೋ ಹೋಲಿಸಿ ನೋಡಿ. ಮತ್ತೆ ಜುಲೈ ಕೊನೆಯ ವಾರ ಖಡಕ್‌ವಾಸಲಾದಿಂದ ನೀರು ಬಿಟ್ಟು, ಭಿಡೆ ಪೂಲ್ ಮುಚ್ಚಿದ ಸುದ್ದಿ ಬಂದ ದಿನ ರಜೆ ಹಾಕಿ ಆ ಪಾರ್ಕಿಂಗ್‌ಗೆ ಹೋಗಿ ನಿಲ್ಲಿ. ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ನೆಲದಲ್ಲಿ ನೀರು ಕಂಡರೆ ಒಳಗೆ ಕಾಲಿಡಬೇಡಿ, ಮೀಟರ್ ಬೋರ್ಡಿನ ಹತ್ತಿರವಂತೂ ಬೇಡ. ಟೋಕನ್ ಕೊಡುವ ಮಾತು ಅದಾದ ಮೇಲೆ.